ಎಂಟು ಮಕ್ಕಳಿಗಾಗುವಷ್ಟು ನೆಲ

ಬೆಳಗಿನ ಹತ್ತು ಗಂಟೆ ಎಂದರೆ ಬ್ರೆಡ್ಡಜ್ಜಿಗೆ ನಡುರಾತ್ರಿ. ಬೇಕರಿಯ ರಾತ್ರಿ ಪಾಳಿಯಲ್ಲಿ ಒಲೆಯ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವಳು ಆಕೆ. ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು, ಬಿಸಿ ಬ್ರೆಡ್ಡಿನ ಚೀಲವನ್ನು ಸೊಸೆಯ ಕೈಗೆ ಕೊಟ್ಟು, ಮೈಮೇಲಿನ ಹಿಟ್ಟು ತೊಳೆದುಕೊಂಡು, ಕಿಟಕಿಯ ಪರದೆ ಎಳೆದು ಮಲಗಿದಳೆಂದರೆ ಮಧ್ಯಾಹ್ನದವರೆಗೆ ಸೂರು ಕಳಚಿ ಬಿದ್ದರೂ ಮಗ್ಗುಲು ಬದಲಾಯಿಸುತ್ತಿರಲಿಲ್ಲ. ಗೋಡೆಯಾಚೆ ಸೊಸೆ ನೋಡಿಕೊಳ್ಳುವ ಎಂಟು ಮಕ್ಕಳು ಕುಣಿದು ಕುಪ್ಪಳಿಸಿದರೂ ಅಷ್ಟೇ. ಬ್ರೆಡ್ಡಜ್ಜಿ ಎಂದು ಹೆಸರಿಟ್ಟದ್ದೂ ಆ ಮಕ್ಕಳೇ. ಈಗ ಮನೆಯವರು, ಬೀದಿಯವರು ಎಲ್ಲರ ಬಾಯಲ್ಲೂ ಅದೇ ಹೆಸರು.

ಅಂಥ ನಿದ್ದೆ ಆವತ್ತು ಒಡೆಯಿತು. ಕಣ್ಣು ಬಿಟ್ಟರೆ ಎದುರಿನ ಗೋಡೆಯ ಮೇಲೆ ಒಂದು ಕೆಂಪು ಚುಕ್ಕೆ ನಡುಗುತ್ತಿದೆ. ಬಾಗಿಲಲ್ಲಿ ಸೊಸೆ. ಅವಳ ಪಕ್ಕದಲ್ಲಿ ಕೊರಳಿಗೆ ಗುರುತಿನ ಚೀಟಿ ತಗುಲಿಸಿಕೊಂಡ, ಕೈಯಲ್ಲಿ ಮೊಬೈಲಿನಷ್ಟೇ ದಪ್ಪದ ಅಳತೆ ಯಂತ್ರ ಹಿಡಿದ ಅಧಿಕಾರಿ ಹುಡುಗಿ.

"ಅಯ್ಯೋ, ಎದ್ದುಬಿಟ್ರಾ ಅತ್ತೆ? ಮಲಗಿ ಮಲಗಿ, ಎರಡೇ ನಿಮಿಷ" ಎಂದಳು ಸೊಸೆ.

"ಈ ಕೋಣೇಲಿ ದಿನಾ ಹಗಲು ಯಾರಾದ್ರೂ ಮಲಗ್ತಾರಾ?" ಎಂದು ಅಧಿಕಾರಿ ಕೇಳಿದಳು.

"ನಾನೇ ಮಲಗ್ತೀನಿ. ಕಾಣಿಸ್ತಿಲ್ವಾ?"

"ಹಾಗಾದ್ರೆ ಇದು ಲೆಕ್ಕಕ್ಕೆ ಬರಲ್ಲ ಅಜ್ಜಿ. ನೀವು ಮಲಗಿ" ಎಂದು ಹುಡುಗಿ ಬಹಳ ಮರ್ಯಾದೆಯಿಂದಲೇ ಬಾಗಿಲು ಮುಂದಕ್ಕೆಳೆದಳು.

ಯಾವ ಲೆಕ್ಕ, ಯಾರ ಲೆಕ್ಕ ಎಂದು ತಿಳಿಯದೆ ಬ್ರೆಡ್ಡಜ್ಜಿ ಮತ್ತೆ ಕಣ್ಣು ಮುಚ್ಚಲು ನೋಡಿದಳು. ಸಾಧ್ಯವಾಗಲಿಲ್ಲ.

ಲೆಕ್ಕ ತಿಳಿದದ್ದು ಸಂಜೆ, ಆಕೆ ಕೆಲಸಕ್ಕೆ ಹೊರಡುವ ಮುಂಚಿನ ಊಟದಲ್ಲಿ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆಲ್ಲ ಹೊಸ ನಿಯಮ ಬಂದಿತ್ತು. ಒಂದು ಮಗುವಿಗೆ ಮೂವತ್ತೈದು ಚದರಡಿ ನೆಲ ಇರಬೇಕು. ಅದೂ ಮಗು ಆಡುವಂಥ, ಬರಿದಾದ ನೆಲ. ಅಡಿಗೆಮನೆ ಸೇರುವುದಿಲ್ಲ, ಬಚ್ಚಲು ಸೇರುವುದಿಲ್ಲ, ಓಡಾಡುವ ಓಣಿ ಸೇರುವುದಿಲ್ಲ. ಮೆಟ್ಟಿಲ ಕೆಳಗೆ ತಲೆ ತಗಲುವ ಜಾಗವೂ ಇಲ್ಲ. ಮುಂದಿನ ವರಾಂಡಕ್ಕೆ ಸೂರಿದ್ದರೂ ಒಂದು ಕಡೆ ಗೋಡೆಯಿಲ್ಲ, ಹಾಗಾಗಿ ಅದೂ ಇಲ್ಲ. ಮಗ ಸೊಸೆ ಮಲಗುವ ಮಹಡಿಯ ಕೋಣೆಯಂತೂ ಸುತರಾಂ ಇಲ್ಲ; ಚಿಕ್ಕ ಮಕ್ಕಳನ್ನು ಮೆಟ್ಟಿಲು ಹತ್ತಿಸುವಂತಿಲ್ಲ.

"ಮನೆ ಕಟ್ಟೋವಾಗ ಇದಕ್ಕೆಲ್ಲ ನಾನು ಇಟ್ಟಿಗೆ ಹಾಕಿಸಿದೀನಲ್ಲಮ್ಮ. ಆಗ ಓಣಿ ಲೆಕ್ಕಕ್ಕೆ ಬಂತು, ಮೆಟ್ಟಿಲ ಕೆಳಗಡೆಯೂ ಬಂತು. ಗಾರೆಯವನು ಕೂಲಿಯಲ್ಲಿ ಒಂದಿಂಚೂ ಬಿಡಲಿಲ್ಲ" ಎಂದ ಮಾವ. ಬ್ರೆಡ್ಡಜ್ಜಿಯ ಗಂಡ, ಬಸ್ ಕಂಡಕ್ಟರಾಗಿ ನಿವೃತ್ತನಾದವನು; ಎಂಥ ಮಾತನ್ನೂ ಬಸ್ಸಿಗೆ ಹತ್ತಿಸದೆ ಬಿಡುತ್ತಿರಲಿಲ್ಲ. "ನನ್ನ ಬಸ್ಸಲ್ಲಿ ನಲವತ್ತು ಸೀಟಿಗೆ ಎಂಬತ್ತು ಜನ. ಮುಂದೆ ಹೋಗಿ, ಒಳಗೆ ಜಾಗ ಇದೆ ಅಂದ್ರೆ ಆಯ್ತು."

"ಮಕ್ಕಳನ್ನ ಕಂಬಿ ಹಿಡಿಸಿ ನಿಲ್ಲಿಸೋಕಾಗುತ್ತಾ ಮಾವ?"

"ತಾತ, ಹಾಲ್ ಇನ್ನೂರ ಹತ್ತು ಚದರಡಿ" ಎಂದಳು ಮೊಮ್ಮಗಳು. ಐದನೇ ಕ್ಲಾಸಿನವಳು, ಅಧಿಕಾರಿಯ ಯಂತ್ರ ನೋಡಿದಾಗಿನಿಂದ ಸ್ಕೇಲು ಹಿಡಿದು ಕಂಡದ್ದನ್ನೆಲ್ಲ ಅಳೆಯುತ್ತಿದ್ದಳು. "ಆದರೆ ಸೋಫಾ, ಷೋಕೇಸು ಇರೋ ಜಾಗ ಕಳೀಬೇಕು. ಕಳೆದ್ರೆ ಐದೇ ಮಕ್ಕಳು."

"ಕಳೀದೇ ಇದ್ರೆ?" ಎಂದು ಕೇಳಿದ ಮಗ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು ಅವನು. ಉಗುರಿನ ಸಂದಿಯ ಗ್ರೀಸು ಹೋಗದ ಕೈಯಿಂದ ಆಲೂಗಡ್ಡೆ ಮುರಿಯುತ್ತಿದ್ದ.

"ಆರು."

ಮಕ್ಕಳಿರುವುದು ಎಂಟು. ಒಂದು ತಿಂಗಳಲ್ಲಿ ಮತ್ತೆ ಅಳತೆ. ಅಷ್ಟರಲ್ಲಿ ನೆಲ ಹೆಚ್ಚಬೇಕು, ಇಲ್ಲ ಮಕ್ಕಳು ಕಡಿಮೆಯಾಗಬೇಕು. ಯಾರು ಎಂದು ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಕೊನೆಗೆ ಸೇರಿದವರು ಅಣ್ಣ ತಂಗಿ ಇಬ್ಬರು. ಅಣ್ಣನಿಗೆ ನಾಲ್ಕು ವರ್ಷ. ಏನು ಹೇಳಿದರೂ "ಯಾಕೆ?" ಎನ್ನುವುದರಿಂದ ಮನೆಯಲ್ಲಿ ಅವನು ಯಾಕಪ್ಪ. ಅವನ ಅಂಗಿಯ ತುದಿ ಬಿಡದೆ ಹಿಂದೆ ಹಿಂದೆ ತಿರುಗುವ ತಂಗಿ ಗುಬ್ಬಿ. ಅವರ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ನಸುಕಿಗೇ ಮಕ್ಕಳನ್ನು ತಂದುಬಿಡುತ್ತಿದ್ದಳು. ಅಷ್ಟು ಬೇಗ ಬಾಗಿಲು ತೆರೆಯುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

ಮೊದಲು ಸೋಫಾ ಹೋಯಿತು. ಮಗನ ಗೆಳೆಯನೊಬ್ಬ ಸಂತೋಷದಿಂದ ಹೊತ್ತುಕೊಂಡು ಹೋದ. ಷೋಕೇಸಿನ ಸರದಿ ಬಂದಾಗ ಮಾತ್ರ ಮಾವ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟ. ಅದರೊಳಗೆ ಅವನು ಕೇರಂ ಆಡಿ ಗೆದ್ದ ಕಪ್ಪುಗಳಿದ್ದವು.

"ಮಕ್ಕಳಿಗೆ ಆಟ ಆಡೋಕೆ ಜಾಗ ಬೇಕು ಅಂತ ಆಟ ಆಡಿ ಗೆದ್ದವನನ್ನ ಹೊರಗೆ ಹಾಕ್ತೀರಾ?"

"ನಿಮ್ಮನ್ನ ಯಾರು ಹಾಕಿದ್ರು? ಕಪ್ಪು ಹಾಕ್ತಿದೀವಿ" ಎಂದಳು ಬ್ರೆಡ್ಡಜ್ಜಿ. "ಆ ಕಪ್ಪಿನಲ್ಲಿ ಒಂದು ದಿನ ಟೀ ಕುಡಿದಿದೀರಾ? ಒಂದಕ್ಕಾದರೂ ಉಪಯೋಗ ಇದೆಯಾ?"

"ಲೇ, ಅದು ಕುಡಿಯೋ ಕಪ್ಪಲ್ಲ ಕಣೇ!"

"ಮತ್ತೆ ಇಷ್ಟು ವರ್ಷ ನನ್ನ ಕೈಲಿ ಯಾಕೆ ತೊಳೆಸಿದ್ರಿ?"

ಮಗ ನಗು ತಡೆಯಲಾರದೆ ಅಡಿಗೆಮನೆಗೆ ಹೋದ. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಕಪ್ಪುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಮೆಟ್ಟಿಲ ಕೆಳಗಿಟ್ಟ. "ಹೇಗೂ ಲೆಕ್ಕಕ್ಕೆ ಬರದ ಜಾಗ" ಎಂದು ಗೊಣಗಿದ. ಹಾಲ್ ಮದುವೆ ಮುಗಿದ ಛತ್ರದಂತಾಯಿತು. ಊಟ, ಟೀ, ಜಗಳ ಎಲ್ಲವೂ ನೆಲದ ಮೇಲೆ. ಮಕ್ಕಳಿಗೆ ಮಾತ್ರ ಸ್ವರ್ಗ.

ಆದರೂ ಆರೇ. ಉಳಿದದ್ದು ಒಂದೇ ದಾರಿ, ಬ್ರೆಡ್ಡಜ್ಜಿಯ ಕೋಣೆ. ಆ ಕೋಣೆಯ ಮಂಚ ಎರಡು ಪಾಳಿ ಕೆಲಸ ಮಾಡುತ್ತಿತ್ತು, ಹಗಲು ಆಕೆಗೆ, ರಾತ್ರಿ ಮಾವನಿಗೆ. ಮಂಚ ತೆಗೆದು, ಹಗಲು ಯಾರೂ ಮಲಗದಂತೆ ಮಾಡಿದರೆ ಎಪ್ಪತ್ತೆರಡು ಚದರಡಿ. ಹಾಲಿಗೆ ಅದನ್ನು ಸೇರಿಸಿದರೆ ಎಂಟು ಮಕ್ಕಳಿಗೆ ಸರಿಹೋಗಿ ಅಂಗೈಯಗಲ ಮಿಗುತ್ತದೆ ಎಂದು ಮೊಮ್ಮಗಳು ಎಲ್ಲರೆದುರೂ ಹೇಳಿದಳು. ಸೊಸೆ ಅವಳನ್ನು ಕಣ್ಣಿನಲ್ಲೇ ಗದರಿದಳು. ಅತ್ತೆಯ ನಿದ್ದೆಗೆ ಕೈಹಾಕುವ ಮಾತನ್ನು ಅವಳಾಗಿ ಆಡುವವಳಲ್ಲ.

ಅದಕ್ಕೇ ಬ್ರೆಡ್ಡಜ್ಜಿ ತಾನೇ ಆಡಿದಳು. ಸಂಜೆ ಟೀ ಕುಡಿಯುತ್ತ, ದೊಡ್ಡ ವಿಷಯವೇ ಅಲ್ಲ ಎಂಬಂತೆ, "ನಾನು ಮಹಡಿ ಮೇಲೆ ಮಲಗ್ತೀನಿ ಬಿಡು. ಹಗಲು ನಿಮ್ಮ ಕೋಣೆ ಖಾಲೀನೇ ಇರುತ್ತಲ್ಲ" ಎಂದಳು.

ಸೊಸೆ ಖುಷಿಪಟ್ಟು ಕುಣಿದಾಡುತ್ತಾಳೆ ಎಂದುಕೊಂಡಿದ್ದಳು. ಸೊಸೆ ಲೋಟದೊಳಗೆ ನೋಡಿದಳು.

"ಬೇಡ ಅತ್ತೆ. ಮೆಟ್ಟಿಲು ಕಡಿದು. ನಿಮ್ಮ ಮಂಡಿ..."

"ನನ್ನ ಮಂಡಿ ನಾನು ನೋಡ್ಕೋತೀನಿ."

"ಮೇಲೆ ಸೆಕೆ ಅತ್ತೆ. ನಿಮಗೆ ನಿದ್ದೆ ಬರಲ್ಲ."

"ನಾನು ನಿಲ್ಲೋ ಒಲೆ ಮುಂದೆ ಒಂದು ಗಂಟೆ ನಿಂತು ನೋಡು, ಸೆಕೆ ಅಂದ್ರೆ ಏನು ಅಂತ ಗೊತ್ತಾಗುತ್ತೆ."

ಸೊಸೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬ್ರೆಡ್ಡಜ್ಜಿ ತನ್ನ ಸೆರಗನ್ನು ತಾನೇ ಮೂಸಿ ನೋಡಿಕೊಂಡಳು. ಎಷ್ಟು ತೊಳೆದರೂ ಹೋಗದ ಹುಳಿಹಿಟ್ಟಿನ ವಾಸನೆ. ಓ, ಇದೋ ವಿಷಯ, ಎಂದುಕೊಂಡಳು.

ಮರುದಿನ ಬಟ್ಟೆ ಒಣಹಾಕುತ್ತಿದ್ದ ಮಗನನ್ನು ಹಿತ್ತಲಲ್ಲಿ ಹಿಡಿದಳು.

"ನಿನ್ನ ಹೆಂಡತಿಗೆ ನನ್ನ ಮೈವಾಸನೆ ಆಗಲ್ಲ. ಅವಳ ಹಾಸಿಗೆ ಮೇಲೆ ನಾನು ಮಲಗಿದ್ರೆ ಮೈಲಿಗೆ."

"ಅಮ್ಮ, ಅವಳು ಹಾಗಂದ್ಲಾ?"

"ಅನ್ನಬೇಕೇನೋ? ಮುಖ ನೋಡಿದ್ರೆ ಗೊತ್ತಾಗಲ್ವಾ? ಈ ವಾಸನೆಯಿಂದಲೇ ನೀನು ಬೆಳೆದದ್ದು."

"ನಂಗೂ ಗ್ರೀಸ್ ವಾಸನೆ ಇದೆ. ನಾನು ಅಲ್ಲೇ ಮಲಗ್ತೀನಲ್ಲ."

"ನಿನ್ನ ವಿಷಯ ಬೇರೆ. ನಿನ್ನನ್ನ ಕಟ್ಕೊಂಡಿದಾಳೆ, ನನ್ನನ್ನಲ್ಲ."

ಮಗ ಒದ್ದೆ ಪ್ಯಾಂಟು ಹಿಡಿದು ನಿಂತೇ ಇದ್ದ. ಅವನು ಹೆಂಡತಿಯನ್ನು ಕೇಳಿದ್ದಿರಬೇಕು. ಅವಳು ಉತ್ತರ ಕೊಟ್ಟಿರಲಾರಳು. ಮರುದಿನ ಇಬ್ಬರ ಮುಖವೂ ಇನ್ನಷ್ಟು ಬಿಗಿದಿತ್ತು. ಆಮೇಲೆ ಮನೆಯಲ್ಲಿ ಮಾತು ರೇಷನ್ನಿನಂತೆ ಅಳೆದು ಬರತೊಡಗಿತು. ಬ್ರೆಡ್ಡಜ್ಜಿ ಚೀಲವನ್ನು ಸೊಸೆಯ ಕೈಗೆ ಕೊಡದೆ ಅಡಿಗೆಮನೆಯ ಮೊಳೆಗೆ ನೇತುಹಾಕಿ ಹೋಗುವಳು. ಸೊಸೆ ಅತ್ತೆಯ ಊಟವನ್ನು ಮುಚ್ಚಿಟ್ಟು, "ಅಜ್ಜಿಗೆ ಹೇಳು, ಊಟ ಇದೆ" ಎಂದು ಮಗಳ ಕೈಲಿ ಹೇಳಿಸುವಳು. "ಅಜ್ಜಿ, ಊಟ ಇದೆಯಂತೆ." "ಹಸಿವಿಲ್ಲ ಅಂತ ಹೇಳು." "ಅಮ್ಮ, ಹಸಿವಿಲ್ಲವಂತೆ." ಕೊನೆಗೆ ಮೊಮ್ಮಗಳಿಗೆ ಸಾಕಾಯಿತು. "ನೀವಿಬ್ಬರೂ ಮೂರು ಅಡಿ ದೂರದಲ್ಲಿದೀರ. ಬೇಕಾದ್ರೆ ಅಳೆದು ತೋರಿಸ್ತೀನಿ" ಎಂದು ಎದ್ದುಹೋದಳು.

ಇದರ ನಡುವೆ ಒಂದು ಬೆಳಿಗ್ಗೆ ಬ್ರೆಡ್ಡಜ್ಜಿ ಮನೆಗೆ ಬರುವಾಗ ಗೇಟಿನಲ್ಲಿ ಸೊಸೆ ಮತ್ತು ಯಾಕಪ್ಪನ ತಾಯಿ ನಿಂತಿದ್ದರು. ಸೊಸೆ ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಅವಳ ತಗ್ಗಿದ ಕುತ್ತಿಗೆಯೇ ಹೇಳುತ್ತಿತ್ತು.

"ಪರವಾಗಿಲ್ಲ ಅಕ್ಕ" ಎಂದಳು ಆ ಹೆಂಗಸು. "ಇಷ್ಟು ದಿನ ಇಟ್ಕೊಂಡ್ರಲ್ಲ, ಅದೇ ದೊಡ್ಡದು. ಏನಾದ್ರೂ ಮಾಡ್ತೀನಿ." ಅಂದವಳು ಏನು ಮಾಡುವುದೆಂದು ತಿಳಿಯದವಳಂತೆ ಗುಬ್ಬಿಯ ಅಂಗಿಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದಳು. ಯಾಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ "ಯಾಕೆ?" ಎಂದ.

ಬ್ರೆಡ್ಡಜ್ಜಿಗೆ ಕೆಂಡದಂಥ ಸಿಟ್ಟು ಬಂತು. ತನ್ನ ಹಾಸಿಗೆ ಮೈಲಿಗೆಯಾಗುತ್ತದೆಂದು ಎರಡು ಮಕ್ಕಳನ್ನು ಬೀದಿಗೆ ಬಿಡುವವಳಾ ಇವಳು? ಆದರೆ ಅದೇ ಸೊಸೆ ಒಳಗೆ ಬಂದು, ಗುಬ್ಬಿಯ ಮೂಗು ಒರೆಸಿ, ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತದ್ದನ್ನೂ ಆಕೆ ನೋಡಿದಳು. ಭುಜ ಅಲುಗುತ್ತಿತ್ತು. ಸಿಟ್ಟಿಗೆ ಕಾಲೂರಲು ಜಾಗ ಸಿಗಲಿಲ್ಲ.

ಆ ಭಾನುವಾರ ಬೇಕರಿಗೆ ರಜೆ. ಬ್ರೆಡ್ಡಜ್ಜಿ ಮೊಮ್ಮಗಳ ತಲೆ ಬಾಚುತ್ತ ಕೂತಿದ್ದಳು. ಹುಡುಗಿ ತನ್ನ ಪಾಡಿಗೆ ವಟಗುಟ್ಟುತ್ತಿದ್ದಳು. ಕೋಣೆಗಳ ಅಳತೆಯೆಲ್ಲ ಮುಗಿಯಿತಂತೆ, ಮಹಡಿಯದೊಂದು ಬಿಟ್ಟು.

"ಅದ್ಯಾಕೆ ಬಿಟ್ಟೆ?"

"ಸ್ಕೂಲಿಗೆ ರಜೆ ಇದ್ದಾಗ ಅಳೆಯೋಣ ಅಂತ ಹೋದೆ. ಮಕ್ಕಳು ಊಟ ಮಾಡಿ ಮಲಗಿದ್ರು, ತಾತ ನೋಡ್ಕೊಂತಿದ್ರು. ಅಮ್ಮ ಮೇಲೆ ಚಿಲಕ ಹಾಕ್ಕೊಂಡಿದ್ಲು."

"ಚಿಲಕ ಹಾಕ್ಕೊಂಡು ಏನ್ ಮಾಡ್ತಾಳೆ?"

"ಏನೂ ಮಾಡಲ್ಲ ಅಜ್ಜಿ. ನಾನು ಬಾಗಿಲ ಸಂದೀಲಿ ನೋಡಿದೆ. ಸುಮ್ನೆ ನೆಲದ ಮೇಲೆ ಕಾಲು ಚಾಚ್ಕೊಂಡು ಕೂತಿರ್ತಾಳೆ. ಫೋನೂ ನೋಡಲ್ಲ. ದಿನಾ ಹಾಗೇ ಅಂತೆ, ತಾತ ಹೇಳಿದ್ರು."

ಬ್ರೆಡ್ಡಜ್ಜಿಯ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. "ಅಜ್ಜಿ, ಒಂದೇ ಜಡೆ ಆಗಿದೆ" ಎಂದು ಹುಡುಗಿ ನೆನಪಿಸಬೇಕಾಯಿತು. ಇನ್ನೊಂದನ್ನು ಹೇಗೋ ಹೆಣೆದು, ಆಕೆ ಎದ್ದು ಅಡಿಗೆಮನೆಗೆ ಹೋದಳು.

ಸೊಸೆ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಬ್ರೆಡ್ಡಜ್ಜಿ ಮಣೆ ಎಳೆದುಕೊಂಡು ಎದುರಿಗೆ ಕೂತು, ತಾನೂ ಒಂದನ್ನು ಕೈಗೆತ್ತಿಕೊಂಡಳು. ಬಿಸಿಯಿತ್ತು; ಆಕೆಯ ಬೆರಳಿಗೆ ಅದೆಲ್ಲ ಲೆಕ್ಕವಿಲ್ಲ.

"ನಾನು ರಾತ್ರಿ ಪಾಳಿ ಯಾಕೆ ತಗೊಂಡೆ, ಗೊತ್ತಾ?" ಎಂದಳು.

ಎಷ್ಟೋ ದಿನದ ಮೇಲೆ ನೇರವಾಗಿ ಬಂದ ಮಾತು. ಸೊಸೆ ತಲೆಯೆತ್ತಿದಳು. "ಸಂಬಳ ಜಾಸ್ತಿ ಅಂತ."

"ಹಾಗಂತ ಎಲ್ಲರಿಗೂ ಹೇಳಿದೀನಿ. ಆಗ ಈ ಮನೇಲಿ ಹನ್ನೊಂದು ಜನ. ನಮ್ಮತ್ತೆ, ನಮ್ಮಾವ, ಇವರ ತಮ್ಮಂದಿರು, ಅವರ ಹೆಂಡಿರು, ನಿನ್ನ ಗಂಡ ತೊಡೆ ಮೇಲೆ. ಬಚ್ಚಲಿಗೆ ಹೋದ್ರೂ ಬಾಗಿಲು ಬಡಿಯೋರು. ಬೇಕರೀಲಿ ಹಿಟ್ಟು ಉಬ್ಬೋಕೆ ಬಿಟ್ಟ ಮೇಲೆ ಒಂದು ಗಂಟೆ ಯಾರಿಗೂ ಕೆಲಸ ಇರಲ್ಲ. ಬೇರೆಯವರು ಹೊರಗೆ ಹೋಗಿ ಹರಟೆ ಹೊಡೀತಾರೆ. ನಾನು ಒಬ್ಬಳೇ ಹಿಟ್ಟಿನ ಮೂಟೆಗೆ ಒರಗಿ ಕೂತ್ಕೋತೀನಿ. ಯಾರೂ ಅಮ್ಮ ಅನ್ನಲ್ಲ, ಲೇ ಅನ್ನಲ್ಲ. ಆ ಒಂದು ಗಂಟೆಗೋಸ್ಕರ ಮಿಕ್ಕ ಏಳು ಗಂಟೆ ಒಲೆ ಮುಂದೆ ನಿಲ್ತೀನಿ."

ಸೊಸೆಯ ಕೈ ನಿಂತಿತು. ಕಣ್ಣು ತುಂಬಿಕೊಂಡಿತು.

"ನಂಗೆ ನಿಮ್ಮ ವಾಸನೆ ಹೇಸಿಗೆ ಅಂತ ಇವರ ಹತ್ರ ಅಂದ್ರಂತೆ."

"ಅಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ನಿಂಗೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಗೆ ಹೇಳೋದು ಅತ್ತೆ? ಎರಡು ಮಕ್ಕಳಿಗೆ ಜಾಗ ಇಲ್ಲ ಅಂತ ಎಲ್ಲರೂ ಒದ್ದಾಡ್ತಿರೋವಾಗ, ನಂಗೆ ಸುಮ್ನೆ ಕೂರೋಕೆ ಒಂದು ಕೋಣೆ ಬೇಕು ಅಂದ್ರೆ ನೀವು ಏನಂತೀರಾ? ನಂಗೇ ನಾಚಿಕೆ ಆಯ್ತು. ಇಡೀ ದಿನ ಎಂಟು ಜನ ನನ್ನ ಬಟ್ಟೆ ಹಿಡಿದು ಎಳೀತಾರೆ. ಪ್ರೀತೀನೇ, ಇಲ್ಲ ಅನ್ನಲ್ಲ. ಆದರೆ ಆ ಅರ್ಧ ಗಂಟೆ ಚಿಲಕ ಹಾಕ್ಕೊಂಡಿಲ್ಲ ಅಂದ್ರೆ ಸಾಯಂಕಾಲದ ಹೊತ್ತಿಗೆ ನಾನು ಯಾರನ್ನಾದ್ರೂ ಹೊಡೆದುಬಿಡ್ತೀನೇನೋ ಅಂತ ಭಯ."

"ಅರ್ಧ ಗಂಟೆ ಯಾತಕ್ಕೂ ಸಾಲಲ್ಲ" ಎಂದಳು ಬ್ರೆಡ್ಡಜ್ಜಿ. "ಒಂದು ಗಂಟೆ ಇಟ್ಕೋ."

"ಎಲ್ಲಿ ಇಟ್ಕೊಳ್ಳಲಿ? ನೀವು ಮೇಲೆ ಮಲಗಿರ್ತೀರಲ್ಲ."

"ಎರಡು ಗಂಟೆವರೆಗೆ ಮಲಗ್ತೀನಿ. ಎರಡಕ್ಕೆ ಸರಿಯಾಗಿ ಎದ್ದು ಕೆಳಗೆ ಬರ್ತೀನಿ. ಮಕ್ಕಳು ಮಲಗಿರ್ತಾವೆ, ನಾನು ಕಾಯ್ತೀನಿ. ಎರಡರಿಂದ ಮೂರು ಆ ಕೋಣೆ ನಿಂದು. ಈ ಮನೇಲಿ ಆ ಬಾಗಿಲು ತಟ್ಟೋ ಧೈರ್ಯ ಯಾರಿಗಿದೆ ನೋಡೋಣ."

"ಮಂಡಿ ನೋವು ಅತ್ತೆ."

"ದಿನಕ್ಕೊಂದು ಸಲ ಹತ್ತಿ ಒಂದು ಸಲ ಇಳಿಯೋದು. ನಿನ್ನ ಗಂಡ ಕಂಬಿ ಹಾಕಿಸಲಿ, ಹಿಡ್ಕೊಂಡು ಹತ್ತೀನಿ. ಡಿಪೋದಲ್ಲಿ ಕಂಬಿಗೇನು ಬರವಾ?"

ಸೊಸೆ ನಕ್ಕಳು, ಅಳುತ್ತಲೂ ಇದ್ದಳು. ಆಲೂಗಡ್ಡೆಯ ಕೈಯಿಂದಲೇ ಕಣ್ಣೊರೆಸಿಕೊಂಡು ಹಣೆಗೆಲ್ಲ ಮೆತ್ತಿಕೊಂಡಳು. ಬ್ರೆಡ್ಡಜ್ಜಿ ಸೆರಗು ಚಾಚಿದಳು. "ಒರೆಸ್ಕೋ. ವಾಸನೆ ಇದೆ, ಸಹಿಸ್ಕೋ" ಎಂದಳು.

ಆ ವಾರ ಕಂಬಿ ಬಂತು. ಮಗ ಹಳೆಯ ಬಸ್ಸೊಂದರ ಕಂಬಿಯನ್ನು ಮೇಲಿನವರಿಗೆ ಹೇಳಿ ಕೇಳಿ ತಂದಿದ್ದ. ಅದನ್ನು ಗೋಡೆಗೆ ಕೂರಿಸುವಾಗ ಮಾವ ಪಕ್ಕದಲ್ಲೇ ನಿಂತು ಸಲಹೆ ಕೊಟ್ಟ. ಮಂಚದ ಕಾಲುಗಳನ್ನು ಬಿಚ್ಚಿ ಮಹಡಿಗೆ ಸಾಗಿಸಿದರು. ಮೊದಲಿದ್ದ ಮಂಚದ ಪಕ್ಕದಲ್ಲಿ ಅದನ್ನು ಹಾಕಿದ ಮೇಲೆ ಮಗ ಸೊಸೆ ಒಬ್ಬರ ಹಿಂದೊಬ್ಬರು ಅಡ್ಡಡ್ಡ ನಡೆಯಬೇಕಾಯಿತು. ಮಾವನಿಗೆ ರಾತ್ರಿ ಕೆಳಗೆ ಹಾಸಿಗೆ, ಬೆಳಿಗ್ಗೆ ಸುತ್ತಿಡುವುದು. "ಈ ವಯಸ್ಸಿಗೆ ನಂಗೆ ನೆಲ" ಎಂದು ಅವನು ಆಕ್ಷೇಪಿಸಿದಾಗ, "ಲೆಕ್ಕಕ್ಕೆ ಬರೋ ನೆಲ ಮಾವ, ಸುಮ್ನೆ ಅಲ್ಲ" ಎಂದಳು ಸೊಸೆ. ಅವನಿಗೂ ನಗು ಬಂತು.

ಅಧಿಕಾರಿ ಹುಡುಗಿ ಮತ್ತೆ ಬಂದಳು. ಹಾಲ್ ಅಳೆದಳು, ಬರಿದಾದ ಕೋಣೆ ಅಳೆದಳು, ಎರಡನ್ನೂ ಕೂಡಿದಳು. ಮೊಮ್ಮಗಳು ಉಸಿರು ಬಿಗಿಹಿಡಿದು ಅವಳ ಕೈಯನ್ನೇ ನೋಡುತ್ತಿದ್ದಳು.

"ಇನ್ನೂರ ಎಂಬತ್ತೆರಡು. ಎಂಟು ಮಕ್ಕಳು ಇರಬಹುದು" ಎಂದಳು ಅಧಿಕಾರಿ. ಮೊಮ್ಮಗಳು "ನಾನು ಹೇಳಿರಲಿಲ್ವಾ!" ಎಂದು ಕೂಗಿದ್ದಕ್ಕೆ ನಿದ್ದೆಯಲ್ಲಿದ್ದ ಗುಬ್ಬಿ ಎದ್ದು ಅಳತೊಡಗಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಯಾಕಪ್ಪನ ತಾಯಿಗೆ ಸೊಸೆ ಗೇಟಿನಲ್ಲೇ ವಿಷಯ ಹೇಳಿದಳು. ಆ ಹೆಂಗಸು ಬ್ರೆಡ್ಡಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕೈಯಲ್ಲಿ ಫಿನಾಯಿಲ್ ವಾಸನೆ, ಇವಳ ಕೈಯಲ್ಲಿ ಹಿಟ್ಟಿನದು.

ಹೊಸ ವ್ಯವಸ್ಥೆ ಶುರುವಾದ ದಿನ ಬ್ರೆಡ್ಡಜ್ಜಿ ಎರಡಕ್ಕೆ ಎದ್ದು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಹಾಲಿನಲ್ಲೂ ಕೋಣೆಯಲ್ಲೂ ಮಕ್ಕಳು ಹೇಗೆಂದರೆ ಹಾಗೆ ಬಿದ್ದುಕೊಂಡು ಮಲಗಿದ್ದವು. ಸೊಸೆ ಅನುಮಾನಿಸುತ್ತ ನಿಂತಿದ್ದಳು.

"ಹೋಗು" ಎಂದು ಬ್ರೆಡ್ಡಜ್ಜಿ ಕಣ್ಣಲ್ಲೇ ಮೇಲೆ ತೋರಿಸಿದಳು. ಸ್ವಲ್ಪ ಹೊತ್ತಿಗೆ ಮೇಲಿಂದ ಚಿಲಕದ ಸದ್ದು ಬಂತು.

ಸದ್ದು ಬಂದು ಹೆಚ್ಚು ಹೊತ್ತಾಗಿರಲಿಲ್ಲ. ಡಿಪೋದಲ್ಲಿ ಕೆಲಸ ಬೇಗ ಮುಗಿದ ಮಗ, ಹಸಿದು, ಬಾಗಿಲಲ್ಲೇ ಶೂ ಕಳಚುತ್ತ ಹೆಂಡತಿಯನ್ನು ಕೂಗಲು ಬಾಯಿ ತೆರೆದ. ಬ್ರೆಡ್ಡಜ್ಜಿ ತುಟಿಯ ಮೇಲೆ ಬೆರಳಿಟ್ಟಳು.

"ಎಲ್ಲಿ ಅವಳು?" ಎಂದು ಪಿಸುಗುಟ್ಟಿದ.

"ಮನೇಲಿಲ್ಲ."

ಅವನು ಬಾಗಿಲ ಬಳಿ ನೋಡಿದ. ಹೆಂಡತಿಯ ಚಪ್ಪಲಿ ಅಲ್ಲೇ ಇತ್ತು. ಮೆಟ್ಟಿಲ ಕಡೆ ನೋಡಿದ. ಆಮೇಲೆ ತಾಯಿಯ ಮುಖ ನೋಡಿದ.

"ಎಷ್ಟೊತ್ತಿಗೆ ಬರ್ತಾಳೆ?"

"ಮೂರಕ್ಕೆ. ಊಟ ಒಲೆ ಮೇಲಿದೆ. ಬಡಿಸ್ಕೋ."

ಮಗ ತಲೆಯಾಡಿಸಿ, ಮಲಗಿದ ಮಕ್ಕಳ ಕೈಕಾಲುಗಳ ನಡುವೆ ಹೆಜ್ಜೆಯಿಡಲು ಜಾಗ ಹುಡುಕುತ್ತ, ತುದಿಗಾಲಲ್ಲಿ ಅಡಿಗೆಮನೆಗೆ ಹೋದ.